ಕಾಗುಣಿತ ಹಾಕಿ ಕೊರಿಯನ್ ಅಕ್ಷರ ಕಲಿತೆ: ನನ್ನ ಅನುಭವ

ಕಳೆದ ವಾರ ಒಂದು ಪೆಟ್ಟಿಗೆ ಬಂತು. ಲೇಬಲ್ ಪೂರ್ತಿ ಕೊರಿಯನ್‌ನಲ್ಲಿತ್ತು. ಫೋನ್ ತೆಗೆಯದೆ ‘ಬುಫುಮ್’, ‘ಸುರ್ಯಂಗ್’ ಎಂದು ಓದಿದೆ. ಮೊದಲನೆಯದು ಬಿಡಿಭಾಗ, ಎರಡನೆಯದು ಎಷ್ಟಿದೆ ಅನ್ನೋದು. ಪೀಣ್ಯದ ಒಂದು ಸಣ್ಣ ಯುನಿಟ್‌ನಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳು ನಾನು. ಎರಡು ವರ್ಷದ ಹಿಂದೆ ಇಂಥದ್ದೇ ಲೇಬಲ್‌ನಲ್ಲಿ ಲೆಕ್ಕದ ಕಾಲಂ ಯಾವುದೆಂದು ತಿಳಿಯದೆ ತಪ್ಪು ಎಂಟ್ರಿ ಮಾಡಿದ್ದೆ. ಮತ್ತೆ ಆರ್ಡರ್ ಹಾಕಬೇಕಾಗಿ ಬಂದು ಸುಮಾರು 18 ಸಾವಿರ ದಂಡವಾಯಿತು. ಆವತ್ತೇ ಈ ಅಕ್ಷರ ಕಲಿಯಲೇಬೇಕು ಎಂದು ಕೂತೆ.

ಕೊರಿಯನ್ ಲಿಪಿಯ 14 ಮೂಲ ವ್ಯಂಜನ, 10 ಮೂಲ ಸ್ವರದ ಚಾರ್ಟ್ ಹುಡುಕಿದರೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ಮೊದಲು ದುಡ್ಡು ಹೋದ ಕಥೆ. ಆನ್‌ಲೈನ್ ಕ್ಲಾಸಿಗೆ ಆರೂವರೆ ಸಾವಿರ. ಆ್ಯಪ್‌ಗೆ ವರ್ಷಕ್ಕೆ 1,800ರ ಹತ್ತಿರ. ಎರಡು ಪುಸ್ತಕಕ್ಕೆ ಸಾವಿರದ ಚಿಲ್ಲರೆ. ಮೂರು ತಿಂಗಳಾದರೂ ಕೆಳಗೆ ಇಂಗ್ಲಿಷ್ ಬರೆದಿಲ್ಲದಿದ್ದರೆ ಒಂದು ಪದ ಓದಲು ಆಗುತ್ತಿರಲಿಲ್ಲ.

ಕೆಟ್ಟಿದ್ದೇ ಆ ಇಂಗ್ಲಿಷ್‌ನಿಂದ. ಅವರ ಒಂದು ಸ್ವರವನ್ನು ಇಂಗ್ಲಿಷ್‌ನಲ್ಲಿ ‘ಇ’, ‘ಓ’ ಎಂದು ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ನಾವು ‘ಸಿಯೋಲ್’ ಅನ್ನೋದು ಅದನ್ನು ನೋಡಿಯೇ. ಅವರ ಬರವಣಿಗೆಯಲ್ಲಿ ಇರುವುದು ಸ, ಅದಕ್ಕೆ ಆ ಒಂದು ಸ್ವರ, ಆಮೇಲೆ ಉಲ್. ಒ ಹೇಳುವ ಹಾಗೆ ಬಾಯಿ ಇಟ್ಟು ತುಟಿ ಮಾತ್ರ ದುಂಡು ಮಾಡಬೇಡಿ, ಆ ಸ್ವರ ಬರುತ್ತದೆ.

ಕನ್ನಡದ ಕಾಗುಣಿತದ ಹಾಗೆ ಕಲಿಯುತ್ತೇನೆ ಎಂದಾಗ ಕ್ಲಾಸಿನವರು ಒಪ್ಪಲಿಲ್ಲ. ‘ಎರಡನ್ನೂ ಕಲಸಬೇಡಿ ಮೇಡಂ, ಎರಡೂ ಕೆಡುತ್ತೆ’ ಅಂದರು. ಮನೆಯಲ್ಲಿ ಯಜಮಾನರಿಗೂ ನಂಬಿಕೆ ಇರಲಿಲ್ಲ. ನಾನು 35 ರೂಪಾಯಿಯ ಚೌಕಳಿ ಲೆಕ್ಕದ ಪುಸ್ತಕ ತಂದೆ. ಮಗನ ಹಳೇ ಸ್ಲೇಟು ಇತ್ತು. ಕೆಳಮುಖವಾಗಿ 14 ವ್ಯಂಜನ, ಅಡ್ಡಕ್ಕೆ 10 ಸ್ವರ, ಒಟ್ಟು 140 ಮನೆ. ದಿನಕ್ಕೆ ಎರಡು ಸಾಲು, ಬಾಯಿಬಿಟ್ಟು ಜೋರಾಗಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ. ಕನ್ನಡದಲ್ಲಿ ಉಚ್ಚಾರ ಬರೆದುಕೊಂಡದ್ದು ಮೊದಲ ಮೂರು ದಿನ ಮಾತ್ರ, ಆಮೇಲೆ ಅಳಿಸಿಬಿಟ್ಟೆ. ಹನ್ನೊಂದನೇ ದಿನ ಯಾವ ಮನೆ ತೋರಿಸಿದರೂ ಓದುತ್ತಿದ್ದೆ. 1446ರಲ್ಲಿ ಸೆಜೊಂಗ್ ದೊರೆ ಈ ಲಿಪಿ ಹೊರಡಿಸಿದಾಗ, ಜಾಣನಿಗೆ ಒಂದು ಬೆಳಗ್ಗೆ ಸಾಕು, ದಡ್ಡನಿಗೂ ಹತ್ತು ದಿನ ಸಾಕು ಎಂದು ಅಲ್ಲಿನ ವಿದ್ವಾಂಸರು ಬರೆದಿದ್ದರಂತೆ. ಆಫೀಸು, ಅಡುಗೆ ಎಲ್ಲ ಮುಗಿಸಿ ರಾತ್ರಿ ಮುಕ್ಕಾಲು ಗಂಟೆ ಕೂತವಳಿಗೆ ಹನ್ನೊಂದು ದಿನ ಒಳ್ಳೆಯ ಲೆಕ್ಕವೇ.

ಆದರೆ ಕನ್ನಡದಿಂದಲೇ ಒಂದು ದೊಡ್ಡ ಪೆಟ್ಟು ಬಿತ್ತು. ನಮ್ಮ ಒತ್ತಕ್ಷರ ಕೆಳಗಿದ್ದರೂ ಸ್ವರಕ್ಕಿಂತ ಮೊದಲು ಹೇಳುತ್ತೇವೆ. ಅವರದು ಉಲ್ಟಾ. ಒಂದು ಉಚ್ಚಾರದ ಅಕ್ಷರಗಳನ್ನೆಲ್ಲ ಒಂದೇ ಕಟ್ಟಾಗಿ ಜೋಡಿಸುತ್ತಾರೆ, ಅದರಲ್ಲಿ ಕೆಳಗಿನದು ಸ್ವರ ಮುಗಿದ ಮೇಲೆ ಬರುತ್ತದೆ. ‘ಫುಮ್’ ಅನ್ನುವಲ್ಲಿ ಮೇಲೆ ಫ, ನಡುವೆ ಉ, ತಳದಲ್ಲಿ ಮ ಅನ್ನುವ ಚೌಕ. ನಾನು ಎರಡು ವಾರ ಅದನ್ನು ‘ಫ್ಮು’ ಎಂದೇ ಓದಿದೆ. ಬಿಡಿಸಿಕೊಂಡದ್ದು ಹೀಗೆ: ತಳದ ಅಕ್ಷರವನ್ನು ಒತ್ತು ಅಂತ ಕರೆಯುವುದನ್ನೇ ಬಿಟ್ಟು ‘ಅರ್ಧಾಕ್ಷರ’ ಎಂದು ಕರೆದೆ. ಹೆಸರು ಬದಲಾದ ಮೇಲೆ ನಾಲಿಗೆಯೂ ಬದಲಾಯಿತು.

ಅವರ ಸೊನ್ನೆಯಂಥ ಅಕ್ಷರ ಮಾತ್ರ ನಮಗೆ ಲಾಭ. ಮೇಲಿದ್ದರೆ ಅದಕ್ಕೆ ಶಬ್ದವಿಲ್ಲ. ತಳದಲ್ಲಿದ್ದರೆ ಬೆಂಗಳೂರಿನ ಸೊನ್ನೆ, ಅಂದರೆ ಙ.

ನಿಜವಾದ ಬಂಪರ್ ಸಿಕ್ಕಿದ್ದು ಸಂಧಿಯಲ್ಲಿ. ಬರೆದ ಹಾಗೆ ಓದುವುದಿಲ್ಲ ಎಂದು ಎಲ್ಲರೂ ಗೋಳಾಡುತ್ತಾರಲ್ವಾ? ಕೊರಿಯನ್ ಮಾತಿಗೆ ‘ಹನ್‌ಗುಕ್‌ಮಲ್’ ಎಂದು ಬರೆದು ‘ಹನ್‌ಗುಙ್‌ಮಲ್’ ಅನ್ನುತ್ತಾರೆ. ವಾಕ್ + ಮಯ ಸೇರಿ ವಾಙ್ಮಯ ಆಗುವುದು ಹೇಗೆ? ಹಾಗೇ. ಕೊರಿಯಾದ ಒಂದು ಹಳೇ ರಾಜ್ಯದ ಹೆಸರು ಬರೆಯುವುದು ‘ಶಿನ್‌ರ’, ಹೇಳುವುದು ‘ಶಿಲ್ಲ’. ನಮ್ಮ ತತ್ + ಲೀನ ತಲ್ಲೀನ ಆದ ಹಾಗೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಂಧಿ ಇಲ್ಲಿ ಕೆಲಸಕ್ಕೆ ಬಂತು. ತಳದಲ್ಲಿ ಯಾವ ಅಕ್ಷರ ಬಂದರೂ ಶಬ್ದ ಏಳೇ: ಕ್, ನ್, ತ್, ಲ್, ಮ್, ಪ್, ಙ್. ಬಟ್ಟೆಗೆ ತಳದಲ್ಲಿ ಸ ಬರೆದು ‘ಒತ್’ ಅನ್ನುತ್ತಾರೆ.

ಉಚ್ಚಾರದಲ್ಲಿ ಜಾಸ್ತಿ ಬೆವರಿಳಿಸಿದ್ದು ಮೂರು ಬಗೆಯ ಪ. ಬೆಂಕಿ, ಹುಲ್ಲು, ಕೊಂಬು ಮೂರಕ್ಕೂ ಅವರು ಹೇಳುವ ಪದ ಕೇಳಲು ‘ಪುಲ್’ ಅನಿಸುತ್ತದೆ. ಬಾಯಿಗೆ ಅಡ್ಡ ತೆಳ್ಳನೆ ಬಸ್ ಟಿಕೆಟ್ ಹಿಡಿಯಿರಿ. ಹುಲ್ಲಿಗೆ ಟಿಕೆಟ್ ಜೋರಾಗಿ ಹಾರಬೇಕು, ಕೊಂಬಿಗೆ ಅಲ್ಲಾಡಲೇ ಕೂಡದು, ಬೆಂಕಿ ನಡುವೆ. ಹುಲ್ಲಿನದು ಫಲದ ಫ, ಫೋನಿನ ಫ ಅಲ್ಲ. ನಾವು ಮಾತಿನಲ್ಲಿ ಮಹಾಪ್ರಾಣ ನುಂಗಿಬಿಡುತ್ತೇವೆ, ಅದಕ್ಕೇ ಇಲ್ಲಿ ಎಡವುತ್ತೇವೆ. ಹಳಗನ್ನಡದಲ್ಲೂ ಹುಲ್ಲಿಗೆ ‘ಪುಲ್’ ಎಂದೇ ಇತ್ತು. ಸಂಬಂಧ ಇದೆ ಅಂತ ಹೇಳುತ್ತಿಲ್ಲ, ನೆನಪಿಡಲು ಸುಲಭ.

ಅಡ್ಡಗೆರೆಯ ಸ್ವರ ನನಗೆ ತಿಂಗಳಾದರೂ ಬರಲಿಲ್ಲ. ಉ ಆಗಿಬಿಡುತ್ತಿತ್ತು. ಯಜಮಾನರು ಪುತ್ತೂರಿನವರು. ಒಂದು ದಿನ ಅವರು ತುಳುವಿನಲ್ಲಿ ಹಾಲಿಗೆ ‘ಪೇರ್’ ಅಂದಾಗ ಕೊನೆಯಲ್ಲಿ ಎಳೆದ ಆ ಸಣ್ಣ ಸ್ವರ ಕಿವಿಗೆ ಬಿತ್ತು. ಅದೇ ಇದು! ತುಳು, ಕೊಡವ ಬಲ್ಲವರು ಈ ಸ್ವರಕ್ಕೆ ಒಂದು ನಿಮಿಷವೂ ಖರ್ಚು ಮಾಡಬೇಕಿಲ್ಲ.

ನಡುವೆ ಸುಮ್ನೆ ನಮ್ಮ ಊರುಗಳ ಹೆಸರು ಬರೆದು ನೋಡಿದೆ. ಬಳ್ಳಾರಿ ಬರೆಯಿರಿ. ಳ ಅವರಲ್ಲಿಲ್ಲ, ‘ಬಲ್ಲಾರಿ’ ಆಗುತ್ತದೆ. ಅದರಲ್ಲಿ ಬರುವ ಎರಡು ಲ, ಒಂದು ರ, ಮೂರಕ್ಕೂ ಒಂದೇ ಅಕ್ಷರ! ಸ್ವರಗಳ ನಡುವೆ ರ, ತಳದಲ್ಲಿ ಲ, ಎರಡು ಸೇರಿದರೆ ಲ್ಲ. ಈ ಒಂದು ಪದ ಬರೆದ ಮೇಲೆ ಆ ಅಕ್ಷರದ ಬಗ್ಗೆ ಗೊಂದಲ ಉಳಿಯಲಿಲ್ಲ. ಫೋನಿನ ಕೊರಿಯನ್ ಕೀಬೋರ್ಡನ್ನೂ ಆಗಲೇ ಹಾಕಿಕೊಂಡೆ. ಎಡಗೈಗೆ ವ್ಯಂಜನ, ಬಲಗೈಗೆ ಸ್ವರ, ನಾಲ್ಕು ದಿನದಲ್ಲಿ ರೂಢಿಯಾಯಿತು.

ಬರವಣಿಗೆಯಲ್ಲಿ ಕನ್ನಡದ ಕೈ ಎಲ್ಲವನ್ನೂ ದುಂಡು ಮಾಡುತ್ತದೆ. ಮ ಚೌಕವನ್ನು ಒಂದೇ ಎಳೆತದಲ್ಲಿ ಬರೆದರೆ ಸೊನ್ನೆಯಾಗುತ್ತದೆ, ಓದುವವರಿಗೆ ಬೇರೆಯೇ ಪದ. ಮೂರು ಗೆರೆಯಾಗಿಯೇ ಎಳೆಯಿರಿ.

ಎ ಶಬ್ದ ಕೊಡುವ ಎರಡು ಸ್ವರಗಳನ್ನು ಈಗಿನ ಸಿಯೋಲ್ ಜನ ಹೆಚ್ಚುಕಡಿಮೆ ಒಂದೇ ತರಹ ಹೇಳುತ್ತಾರೆ. ಬರೆಯುವಾಗ ಯಾವುದು ಎಲ್ಲಿ ಎಂದು ನೆನಪಿಡಲು ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರ ಕಲಿಯುವ ಇಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬ ನಮ್ಮ ಪ್ಯಾಕಿಂಗ್ ಹುಡುಗ, ಪಿಯುಸಿ ಓದಿದವನು, ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂಬತ್ತು ದಿನಕ್ಕೆ 140 ಮನೆ ಮುಗಿಸಿದ. ಈ ತಿಂಗಳಿಂದ ಪೆಟ್ಟಿಗೆ ಇಳಿಸುವಾಗ ಲೇಬಲ್ ಓದುವುದು ಅವನೇ, ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುವುದು ನಾನು.