ಆಶ್ರಯ ಕೋರಿ ಬಂದವರ ಪರವಾಗಿ ನಿಲ್ಲುವುದು ಹೇಗೆ?

ಆಶ್ರಯ ಕೋರಿ ಬಂದವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗಾಗಲಿ, 1967ರ ಅದರ ಪೂರಕ ಒಪ್ಪಂದಕ್ಕಾಗಲಿ ನಮ್ಮ ದೇಶ ಸಹಿ ಹಾಕಿಲ್ಲ. ಇದರ ಪರಿಣಾಮವನ್ನು ಕರ್ನಾಟಕದಲ್ಲೇ ಕಾಣಬಹುದು. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟು ನೆಲೆ ಕಲ್ಪಿಸಿತು. ಬೆಂಗಳೂರಿನಲ್ಲಿ ಚಿಂದಿ ಆಯ್ದು ಬದುಕುವ ರೋಹಿಂಗ್ಯಾ ಕುಟುಂಬವಾದರೋ ಕಾನೂನಿನ ಲೆಕ್ಕದಲ್ಲಿ ಪಾಸ್‌ಪೋರ್ಟ್, ವೀಸಾ ಇಲ್ಲದ ವಿದೇಶಿಯಷ್ಟೇ. ಒಬ್ಬರಿಗೆ ಔದಾರ್ಯದಿಂದ ಸಿಕ್ಕಿದ್ದು ಮತ್ತೊಬ್ಬರಿಗೆ ಹಕ್ಕಾಗಿ ಸಿಗುವುದಿಲ್ಲ. ಆದ್ದರಿಂದ ಈಗಿರುವ ಕಾನೂನು ಪೌರರಲ್ಲದವರಿಗೂ ಯಾವ ರಕ್ಷಣೆ ಕೊಟ್ಟಿದೆ ಎಂಬುದನ್ನು ಅರಿತು, ಅದನ್ನು ಲಿಖಿತವಾಗಿ ಕೇಳಿ ಪಡೆಯುವುದು ಘೋಷಣೆ ಕೂಗುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಮೊದಲ ಹೆಜ್ಜೆ ಅನುಮತಿ. ಯಾರ ಪರವಾಗಿ ಮಾತನಾಡುತ್ತೀರೋ ಅವರಿಗೆ ಏನು ಬೇಕೆಂದು ಅವರ ಭಾಷೆ ಬಲ್ಲವರ ಮೂಲಕ ಕೇಳಿ ತಿಳಿದುಕೊಳ್ಳಿ. ಅವರು ಬೇಡವೆಂದರೆ ಅಲ್ಲಿಗೇ ನಿಲ್ಲಿಸಿ. ಮುಖ, ಮನೆಯ ಗುರುತು, ಗುರುತಿನ ಚೀಟಿಯ ಸಂಖ್ಯೆ ಕಾಣುವ ಚಿತ್ರಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ, ಏಕೆಂದರೆ ಊರಿನಲ್ಲಿ ಉಳಿದಿರುವ ಅವರ ತಂದೆತಾಯಿಗೆ ಅದರಿಂದಲೇ ಅಪಾಯವಾಗಬಹುದು. ಆಗದ ಭರವಸೆಯನ್ನೂ ಕೊಡಬೇಡಿ.

ಮುಂದಿನದು ಅವರ ಕಾಗದಪತ್ರಗಳನ್ನು ಅರ್ಥಮಾಡಿಕೊಳ್ಳುವುದು. ಟಿಬೆಟನ್ನರು ಮತ್ತು ಶ್ರೀಲಂಕಾದ ತಮಿಳರ ವಿಷಯವನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಮ್ಯಾನ್ಮಾರ್, ಅಫ್ಘಾನಿಸ್ತಾನ, ಸೊಮಾಲಿಯಾ ಮೊದಲಾದ ಕಡೆಗಳಿಂದ ಬಂದವರ ನೋಂದಣಿ ಮತ್ತು ವಿಚಾರಣೆಯನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ದೆಹಲಿ ಕಚೇರಿ ನಡೆಸಿ, ಅರ್ಹರಿಗೆ ಚೀಟಿ ನೀಡುತ್ತದೆ. ಆ ಚೀಟಿ ವೀಸಾಕ್ಕೆ ಸಮನಲ್ಲ, ಆದರೂ ಅದರ ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಳ್ಳಲು ನೆರವಾಗುವುದು ನೀವು ಮಾಡಬಹುದಾದ ದೊಡ್ಡ ಉಪಕಾರ.

ನಿಮ್ಮ ನೆರವು ಬೇಗ ಫಲಿಸುವ ಜಾಗ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ಮಗು ಯಾವ ದೇಶದ್ದೆಂದು ಅದು ಕೇಳುವುದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದೆಂದು ಅದರ 14ನೇ ಸೆಕ್ಷನ್ ಹೇಳುತ್ತದೆ. ಆಧಾರ್ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಸೌಲಭ್ಯ ತಪ್ಪಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಆಧಾರ್ ತೀರ್ಪಿನಲ್ಲಿ ಹೇಳಿದೆ. ಇಷ್ಟಿದ್ದರೂ ಕಂಪ್ಯೂಟರಿನಲ್ಲಿ ಆಧಾರ್ ಸಂಖ್ಯೆಯ ಜಾಗ ಖಾಲಿ ಬಿಡುವುದು ಹೇಗೆಂದು ಮುಖ್ಯೋಪಾಧ್ಯಾಯರು ಹಿಂಜರಿಯುವುದುಂಟು. ಅವರೊಡನೆ ವಾದಕ್ಕಿಳಿಯದೆ, ತಂದೆ ಅಥವಾ ತಾಯಿಯ ಸಹಿಯಿರುವ ಅರ್ಜಿಯೊಂದನ್ನು ಕೊಡಿ: “ನನ್ನ ಮಗಳಿಗೆ ಎಂಟು ವರ್ಷ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಮತ್ತು 14ನೇ ಸೆಕ್ಷನ್‌ಗಳ ಪ್ರಕಾರ ಅವಳ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕಾಗಿ ಕೋರುತ್ತೇನೆ. ಸೇರಿಸಿಕೊಳ್ಳಲು ಸಾಧ್ಯವಿಲ್ಲವಾದರೆ ಕಾರಣ ತಿಳಿಸಿ ಹಿಂಬರಹ ನೀಡಬೇಕಾಗಿ ವಿನಂತಿ.” ಅರ್ಜಿಯ ಒಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಲು ಮರೆಯಬೇಡಿ. ಬಾಯಿಮಾತಿನಲ್ಲಿ ಸುಲಭವಾಗಿ ‘ಆಗುವುದಿಲ್ಲ’ ಎನ್ನುವವರು ಅದನ್ನೇ ಬರೆದು ಸಹಿ ಹಾಕುವ ಮುನ್ನ ಮತ್ತೊಮ್ಮೆ ಯೋಚಿಸುತ್ತಾರೆ. ಹಿಂಬರಹ ಸಿಕ್ಕರೆ ಅದರೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಬಳಿ ಹೋಗಿ. ಅಲ್ಲಿಯೂ ಆಗದಿದ್ದರೆ ಹೈಕೋರ್ಟಿನ ದಾರಿಯಿದೆ.

ಬಂಧನದ ಸಂದರ್ಭ ಇದಕ್ಕಿಂತ ಕಠಿಣ. ಸಂವಿಧಾನದ 21ನೇ ವಿಧಿ ಕೊಡುವ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಪೌರರಲ್ಲದವರಿಗೂ ಇದೆ. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಬೆದರಿಸಿ ಓಡಿಸುವ ಪ್ರಯತ್ನ ನಡೆದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸುಪ್ರೀಂ ಕೋರ್ಟಿನ ಮೊರೆ ಹೋಗಿ, 1996ರಲ್ಲಿ ಇದೇ ಆಧಾರದ ಮೇಲೆ ಅವರಿಗೆ ರಕ್ಷಣೆ ಕೊಡಿಸಿತು. ಆದರೆ 2021ರಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಗಡೀಪಾರನ್ನು ತಡೆಯಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ನಿಗದಿತ ಕ್ರಮವನ್ನು ಪಾಲಿಸದೆ ಕಳುಹಿಸಬಾರದು ಎಂದಷ್ಟೇ ಹೇಳಿತು. ಇದು ಸಂಕಟದ ಸಂಗತಿ, ಆದರೂ ಮುಚ್ಚಿಡಬಾರದು. ನಿಗದಿತ ಕ್ರಮ ಪಾಲನೆಯಾಗುವಂತೆ ನೋಡಿಕೊಳ್ಳುವುದೇ ಹಲವೊಮ್ಮೆ ನಮಗೆ ಉಳಿದಿರುವ ಬಲವಾದ ಆಧಾರ. ಸಾಮಾನ್ಯ ಬಂಧನವಾದರೆ ಬಂಧಿತರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು 22ನೇ ವಿಧಿ ಹೇಳುತ್ತದೆ. ಹಾಗಾಗಿ ಸುದ್ದಿ ತಿಳಿದ ಕೂಡಲೇ ಯಾವ ಠಾಣೆ, ಎಷ್ಟು ಹೊತ್ತಿಗೆ ಕರೆದೊಯ್ದರು, ಜೊತೆಯಲ್ಲಿ ಮಕ್ಕಳಿದ್ದರೇ, ಚೀಟಿ ಯಾರ ಬಳಿಯಿದೆ ಎಂಬುದನ್ನು ಬರೆದಿಟ್ಟುಕೊಂಡು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ. ಮಹಿಳೆಯರು, ಮಕ್ಕಳು ಮತ್ತು ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರಿಗೆ ಅರ್ಹರು; ಸಹಾಯವಾಣಿ 15100. ಮಕ್ಕಳನ್ನು ಬೇರ್ಪಡಿಸಿದ್ದರೆ 1098ಕ್ಕೆ ಕರೆಮಾಡಿ.

ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದು ಒಂದು ವರ್ಷ ದಾಟಿರಬಾರದು. ವಿಶೇಷಣಗಳನ್ನು ಬಿಟ್ಟು ದಿನಾಂಕ, ಸ್ಥಳ ಮತ್ತು ನಿಮ್ಮ ಕೋರಿಕೆಯನ್ನು ಬರೆದರೆ ಸಾಕು.

ಜನಪ್ರತಿನಿಧಿಗಳನ್ನು ಕಾಣುವಾಗ ಅವರ ಕೈಯಲ್ಲಿ ಏನಿದೆಯೋ ಅದನ್ನು ಕೇಳಬೇಕು. ಸಂಸದರಾದರೆ ನಿರಾಶ್ರಿತರಿಗಾಗಿ ರಾಷ್ಟ್ರೀಯ ಕಾನೂನು ಬೇಕೆಂದು ಒತ್ತಾಯಿಸಿ. ಶಶಿ ತರೂರ್ 2015ರಲ್ಲೇ ಅಂಥದೊಂದು ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಶಾಸಕರ ಬಳಿ ದೇಶದ ಗಡಿಯ ಚರ್ಚೆ ಬೇಡ. ಆಧಾರ್ ಇಲ್ಲದ ಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸ್ಪಷ್ಟ ಸುತ್ತೋಲೆ ಹೊರಡಿಸುವಂತೆ ಶಿಕ್ಷಣ ಸಚಿವರಿಗೆ ಪತ್ರ ಬರೆಯಲು ಕೇಳಿ, ಆ ಪತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದೇ ಹೊರಗೆ ಬನ್ನಿ.