ಕ್ಯಾನೋಪಿ ಬಿಟ್ಟು ಸೂರಿನಡಿ ನಿಂತೆ, ಟಾರ್ಗೆಟ್ ದಾಟಿತು

ಜುಲೈ ತಿಂಗಳಲ್ಲಿ ಕಾರವಾರದ ರಸ್ತೆಯಲ್ಲಿ ನಿಂತು ದಿನಕ್ಕೆ 60 ಕಾಂಟ್ಯಾಕ್ಟ್ (ಜನರ ಹೆಸರು, ನಂಬರ್) ತರುವುದು ಆಗದ ಮಾತು ಅಂತ ನಮ್ಮ ಸೂಪರ್‌ವೈಸರೇ ಹೇಳಿದ್ದರು. ಜೊತೆಗೆ ಸೇರಿದ್ದ ಇಬ್ಬರು ಹುಡುಗರು ನಾಲ್ಕನೇ ದಿನಕ್ಕೆ ಕೆಲಸ ಬಿಟ್ಟು ಮನೆಗೆ ಹೋದರು. ನಾನು ಮಾತ್ರ ಕೊನೆಯ ಎರಡು ವಾರ ದಿನಕ್ಕೆ ಸುಮಾರು 95 ತಂದೆ. ಹೇಗೆ ಅಂತ ಈಗಲೂ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಚಹಾಪುಡಿ ಪ್ರಮೋಷನ್ನಿನದು. ಒಟ್ಟು 24 ದಿನ. ಬಿಸಿ ಚಹಾ ಕುಡಿಸಬೇಕು, ಪ್ಯಾಂಫ್ಲೆಟ್ ಕೊಡಬೇಕು, ಹೆಸರು, ನಂಬರ್ ಬರೆದುಕೊಳ್ಳಬೇಕು. ದಿನಕ್ಕೆ 650 ರೂಪಾಯಿ. 60 ದಾಟಿದ ಮೇಲೆ ಒಂದೊಂದು ನಂಬರಿಗೆ 8 ರೂಪಾಯಿ ಇನ್ಸೆಂಟಿವ್. ಇನ್ಸೆಂಟಿವ್ ಆಸೆಗೇ ನಾನು ಒಪ್ಪಿದ್ದು.

ಮೊದಲ ವಾರ ಪೂರ್ತಿ ಹಾಳು. ಕಡಲ ಕಡೆಯ ರಸ್ತೆಯಲ್ಲಿ ಕ್ಯಾನೋಪಿ, ಅಂದರೆ ನಾಲ್ಕು ಕಾಲಿನ ಬಟ್ಟೆ ಚಪ್ಪರ, ಹಾಕಿದ್ದೆವು. ನಾಲ್ಕು ಕಾಲಿಗೂ ಮರಳು ಚೀಲ ಕಟ್ಟಿದ್ದೆವು. ಮಳೆ ನೀರು ಮೇಲೆ ನಿಂತು ಬಟ್ಟೆ ಹೊಟ್ಟೆ ಬಿಡುತ್ತಿತ್ತು, ಹತ್ತು ನಿಮಿಷಕ್ಕೊಮ್ಮೆ ಕೋಲಿನಿಂದ ಎತ್ತಿ ಚೆಲ್ಲಬೇಕು. ಮೂರನೇ ದಿನ ಮಧ್ಯಾಹ್ನ ಒಂದು ಗಾಳಿ ಬಂತು ನೋಡಿ, ಮರಳು ಚೀಲದ ಸಮೇತ ಕ್ಯಾನೋಪಿ ಮಗುಚಿ ಬಿತ್ತು. ಬಟ್ಟೆ ಹರಿಯಿತು, ಒಂದು ಪೈಪ್ ಬಗ್ಗಿತು. ಅದಕ್ಕೆ ನಮ್ಮನ್ನು ಕೆಲಸಕ್ಕೆ ಇಟ್ಟ ಏಜೆನ್ಸಿಯವರು ನನ್ನ ಸಂಬಳದಲ್ಲಿ 1,800 ರೂಪಾಯಿ ಹಿಡಿದರು. ಮಳೆಗಾಲದಲ್ಲಿ ಕಡಲ ಎದುರು ಕ್ಯಾನೋಪಿ ಹಾಕಿ ಅಂದವರು ಅವರೇ. ಆ ದುಡ್ಡಿನ ಸಿಟ್ಟು ಇನ್ನೂ ಇಳಿದಿಲ್ಲ. ಇನ್ನೊಂದು ಮಾತು: ಗಾಳಿ ಜೋರಾಯಿತು ಅಂತ ಕ್ಯಾನೋಪಿಯನ್ನು ಕರೆಂಟ್ ಕಂಬಕ್ಕೆ ಮಾತ್ರ ಯಾರೂ ಕಟ್ಟಬೇಡಿ. ತೆಂಗಿನ ಮರದ ಬುಡವೂ ಬೇಡ.

ರವಿವಾರದ ಸಂತೆಯಲ್ಲಿ ಒಬ್ಬ ಮೀನು ಮಾರುವ ಅಕ್ಕ ನನ್ನನ್ನು ಬಹಳ ಹೊತ್ತು ನೋಡಿದರು. ಟ್ರಾಲರ್‌ಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ರಜೆ ಅಲ್ವಾ, ಅವರ ಬುಟ್ಟಿಯಲ್ಲಿ ಒಣಮೀನು ಮಾತ್ರ ಇತ್ತು. ಒಣಮೀನಿಗೆ ನೀರು ತಾಗಿದರೆ ಕೆಟ್ಟಿತು, ಹಾಗಾಗಿ ಅವರ ತಾಡಪತ್ರಿ ಒಂದು ಬದಿಗೆ ನೆಲಕ್ಕೆ ಮುಟ್ಟುವಷ್ಟು ಇಳಿದಿತ್ತು. "ಏ ತಮ್ಮಾ, ಗಾಳಿ ಆ ಬದಿಯಿಂದ ಬರ್ತದೆ, ನೀನು ಆ ಬದಿಗೇ ಬಾಯಿ ಮಾಡ್ಕೊಂಡು ನಿಂತಿದ್ದೀಯಲ್ಲ" ಅಂದರು. ಅಂದಿನಿಂದ ನಿಲ್ಲುವ ಜಾಗ ಹುಡುಕುವಾಗ ಮೊದಲು ಗಾಳಿ ನೋಡುತ್ತೇನೆ, ಜನ ಆಮೇಲೆ.

ಎರಡನೇ ಸೋಲು ಕಾಗದದ್ದು. ಒದ್ದೆ ಕೈಯಲ್ಲಿ ಪ್ಯಾಂಫ್ಲೆಟ್ ಹಿಡಿದವರು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದು ಮುದ್ದೆ. ಗಟಾರದಲ್ಲಿ ನಮ್ಮದೇ ಕಾಗದ ತೇಲುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ಇದ್ದವರು ಚಹಾದ ಕಪ್ ಯಾವ ಕೈಯಲ್ಲಿ ಹಿಡಿಯಬೇಕು? ದಿನಕ್ಕೆ 15, ಹೆಚ್ಚೆಂದರೆ 20 ನಂಬರ್ ಸಿಗುತ್ತಿದ್ದವು.

ಒಂಬತ್ತನೇ ದಿನವೋ ಹತ್ತನೆಯದೋ, ಪುನರ್ವಸು ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ನಾನೂ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ ಸೂರಿನಡಿ ಸೇರಿದೆ. ಅಲ್ಲಿ ಹದಿನೈದು ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಎಲ್ಲರ ಕೈಯೂ ಖಾಲಿ, ಎಲ್ಲರಿಗೂ ಪುರುಸೊತ್ತು. ಪಕ್ಕದ ಹೆಂಗಸು ಚೀಲದಿಂದ ಖಾಲಿ ಹಾಲಿನ ಕೊಟ್ಟೆ, ಅಂದರೆ ಪ್ಲಾಸ್ಟಿಕ್ ಪ್ಯಾಕೆಟ್, ತೆಗೆದರು. ಸೆರಗಿನಿಂದ ಅದರ ಒಳಗನ್ನು ಒರೆಸಿದರು. ಮೊಬೈಲನ್ನು ಅದರಲ್ಲಿ ಇಟ್ಟು, ಬಾಯಿಯನ್ನು ಎರಡು ಸಲ ಮಡಚಿ, ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಅದಕ್ಕೆ ಸುತ್ತಿದರು. ನನಗೆ ಬೇಕಾದದ್ದು ಸಿಕ್ಕಿತು.

ಮರುದಿನ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರ್ ಕೊಂಡೆ, ಮೊಬೈಲ್ ಹಿಡಿಸುವ ಅಳತೆಯದು. 1,500 ಕವರಿಗೆ ಸುಮಾರು 1,900 ರೂಪಾಯಿ ಬಿತ್ತು, ನನ್ನ ಕೈಯಿಂದ. ಪ್ಯಾಂಫ್ಲೆಟ್ಟನ್ನು ಮಡಚಿ, ಅಕ್ಷರ ಹೊರಗೆ ಕಾಣುವ ಹಾಗೆ ಒಳಗಿಟ್ಟೆ. ಸೂಪರ್‌ವೈಸರ್ ಫೋನಿನಲ್ಲಿ, "ಸಂಬಳದ ದುಡ್ಡು ಸುಮ್ನೆ ನೀರಿಗೆ ಹಾಕ್ತಿದ್ದೀಯ ಮಾರಾಯ" ಅಂದರು. ಮೊದಲ ದಿನವೇ 71 ನಂಬರ್ ಬಂತು. ಯಾರೂ ಕವರ್ ಬಿಸಾಡಲಿಲ್ಲ. ಮೊಬೈಲ್ ಜೊತೆ ನಮ್ಮ ಕಾಗದವೂ ಒಣಗಿಕೊಂಡು ಮನೆ ಸೇರಿತು.

ಕ್ರಮ ಹೀಗಿತ್ತು. ಮಳೆ ಜೋರಾದರೆ ಕೆಲಸ ಶುರು, ಹೊಳವಾದರೆ, ಅಂದರೆ ಮಳೆ ಬಿಡುವು ಕೊಟ್ಟರೆ, ವಿಶ್ರಾಂತಿ. ಉಳಿದ ಪ್ರಮೋಟರ್‌ಗಳು ಇದರ ಉಲ್ಟಾ ಮಾಡುತ್ತಾರೆ. ಹೊಳವಾದಾಗ ಜನ ಓಡುತ್ತಾರೆ, ನಿಮ್ಮ ಮಾತು ಯಾರು ಕೇಳುತ್ತಾರೆ? ನಾನು ಆ ಹೊತ್ತಿನಲ್ಲಿ ಕೆಟಲ್ ತುಂಬಿಸಿ ಮುಂದಿನ ಸೂರಿಗೆ ನಡೆಯುತ್ತಿದ್ದೆ. ದಿನಕ್ಕೆ ಐದಾರು ಸೂರು. ಅಂಗಡಿಯವರನ್ನು ಮೊದಲೇ ಕೇಳಬೇಕು, ಬಾಗಿಲಿಗೆ ಅಡ್ಡ ನಿಲ್ಲಬಾರದು. ಅವರನ್ನು ಒಪ್ಪಿಸಲು ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಚಹಾ ಮೂರು ತಾಸಾದರೂ ಕಹಿಯಾಗದ ಹಾಗೆ ಥರ್ಮಾಸಿನಲ್ಲಿ ಇಡುವ ಲೆಕ್ಕವೂ ಹಾಗೆಯೇ. ಮುಂದಿನ ಮಳೆಗಾಲಕ್ಕೂ ನನಗೆ ಕೆಲಸ ಬೇಕು.

ನಂಬರ್ ಬರೆಯಲು ಪೆನ್ಸಿಲ್ ಇಟ್ಟುಕೊಳ್ಳಿ. ಥಂಡಿ ಹಿಡಿದ ಕಾಗದದ ಮೇಲೆ ಬಾಲ್‌ಪೆನ್ ಜಾರುತ್ತದೆ. ಕೆಲಸದ ಆ್ಯಪಿನಲ್ಲಿ ತಾಸಿಗೊಂದು ನಮ್ಮ ಫೋಟೋ ಹಾಕಬೇಕಿತ್ತು, ಬೆರಳು ಒದ್ದೆ ಇದ್ದರೆ ಸ್ಕ್ರೀನ್ ಮಾತೇ ಕೇಳುವುದಿಲ್ಲ. ಅದಕ್ಕೆ ಸೊಂಟದಲ್ಲಿ, ರೇನ್‌ಕೋಟಿನ ಒಳಗೆ ಒಂದು ಒಣ ಟವೆಲ್. ಶೂ ಬೇಡ, ರಬ್ಬರ್ ಚಪ್ಪಲಿ ಸಾಕು. ಬೆಳಿಗ್ಗೆ ಹೊರಡುವಾಗ ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಮೊದಲ ವಾರ ಶೂ ಹಾಕಿಯೇ ನನಗೆ ಕೆಸರು ಹುಣ್ಣಾಗಿದ್ದು.

ಎರಡು ಮಂಗಳವಾರ ಶಿರಸಿ ಸಂತೆಗೆ ಕಳಿಸಿದ್ದರು. ದೇವಿಮನೆ ಘಟ್ಟ ಹತ್ತಿದ ಮೇಲೆ ಮಳೆಯ ರೀತಿಯೇ ಬೇರೆ. ಗಾಳಿ ಕಡಿಮೆ, ಆದರೆ ಜಿಟಿಜಿಟಿ ಬಿಡುವುದಿಲ್ಲ, ಚಳಿ ಜಾಸ್ತಿ, ಚಹಾ ಬೇಗ ಖರ್ಚು. ಅಡಿಕೆ ತೋಟದವರಿಗೆ ಆಗ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಚಿಂತೆ. ಆ ಮದ್ದಿಗೆ ಬೇಕಾದ ಮೈಲುತುತ್ತ, ಸುಣ್ಣ ಒಯ್ಯಲು ಪೇಟೆಗೆ ಬಂದವರು ಹೊಳವು ಯಾವಾಗ ಅಂತ ಆಕಾಶ ನೋಡುತ್ತ ನಿಂತಿರುತ್ತಾರೆ. ಅವರ ಹತ್ತಿರ ಚಹಾದ ಮಾತು ಮೊದಲು ತೆಗೆಯಬಾರದು. "ಮದ್ದು ಹೊಡೆದಾಯ್ತಾ ಹೆಗಡೇರೆ?" ಅಂತ ಕೇಳಿ, ನಂಬರ್ ತಾವಾಗೇ ಕೊಡುತ್ತಾರೆ.

ಒಂದು ಒಳ್ಳೆ ವಸ್ತುವೂ ಅಲ್ಲೇ ಸಿಕ್ಕಿತು. ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವ ಪಾರದರ್ಶಕ ಪ್ಲಾಸ್ಟಿಕ್ ತಂದು ಕೊಪ್ಪೆ, ಅಂದರೆ ತಲೆಯಿಂದ ಮೈ ಮುಚ್ಚುವ ಮಳೆಹೊದಿಕೆ, ಹೊಲಿಸಿಕೊಂಡೆ. ಕಪ್ಪು ರೇನ್‌ಕೋಟ್ ಹಾಕಿದರೆ ಟಿ-ಶರ್ಟ್ ಮೇಲಿನ ಕಂಪನಿ ಹೆಸರು ಮುಚ್ಚಿಹೋಗುತ್ತಿತ್ತು, ಫೋಟೋ ರಿಜೆಕ್ಟ್ ಆಗುತ್ತಿತ್ತು. ಇದರಲ್ಲಿ ಹೆಸರೂ ಕಾಣುತ್ತದೆ, ಮೈಯೂ ಒಣಗಿರುತ್ತದೆ. ಖರ್ಚು ನೂರು ರೂಪಾಯಿಯೊಳಗೆ.

ಬೇರೆ ಪ್ರಯೋಗವೂ ಮಾಡಿದೆ. ಒಂದು ದಿನ ರಿಕ್ಷಾಕ್ಕೆ ಮೈಕ್ ಕಟ್ಟಿಸಿದೆ, 700 ರೂಪಾಯಿ. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಒಂದು ಅಕ್ಷರ ಕೇಳಲಿಲ್ಲ. ಇನ್ನೊಂದು ದಿನ ಚಹಾಕ್ಕೆ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಹಾಕಿದೆ. ಜನ ಎರಡೆರಡು ಕಪ್ ಕುಡಿದರು, ಆದರೆ ಹೊಗಳಿದ್ದು ಹುಲ್ಲನ್ನು, ಪುಡಿಯನ್ನಲ್ಲ. ಮನೆಯಲ್ಲಿ ಮಾತ್ರ ಈಗ ಹಾಗೇ ಮಾಡುತ್ತೇವೆ.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಸಂಬಳ 15,600. ಇನ್ಸೆಂಟಿವ್ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ. ಕವರು, ರಿಕ್ಷಾ, ಕೊಪ್ಪೆ ಸೇರಿ 2,700 ಹೋಯಿತು, ಕ್ಯಾನೋಪಿಗೆ 1,800. ಕೈಗೆ ಉಳಿದದ್ದು 15,000ದ ಹತ್ತಿರ. ಕವರಿನ ದುಡ್ಡು ಕೊಡಿ ಅಂತ ಎಷ್ಟು ಕೇಳಿದರೂ ಏಜೆನ್ಸಿ ಕೊಡಲಿಲ್ಲ. ಈ ಸಲ ಅವರೇ ಮೇ ತಿಂಗಳಲ್ಲಿ ಫೋನ್ ಮಾಡಿದರು. ಕವರ್ ನಿಮ್ಮ ಖರ್ಚು, ಕ್ಯಾನೋಪಿ ನಾನು ಮುಟ್ಟುವುದಿಲ್ಲ ಅಂದೆ, ಒಪ್ಪಿದ್ದಾರೆ. ಕವರಿನ ಅಳತೆ ಮಾತ್ರ ಒಂದು ಇಂಚು ದೊಡ್ಡದು ತರಿಸಲು ಹೇಳಿದ್ದೇನೆ. ಹೋದ ಸಲದ್ದರಲ್ಲಿ ಹೊಸ ಫೋನ್‌ಗಳು ಹಿಡಿಸದೆ ಜಿಪ್ ಬಾಯಿ ಬಿಡುತ್ತಿತ್ತು.