ಅತ್ತೆಯ ಸೇರನ್ನು ಗ್ರಾಂಗೆ ತಂದದ್ದು

ವಿಜಯಪುರದ ನಮ್ಮ ಮನೆಯಲ್ಲಿ ಶೇಂಗಾ ಹೋಳಿಗೆಗೆ ಒಂದೇ ಲೆಕ್ಕ. ಒಂದು ಸೇರು ಶೇಂಗಾ, ಮುಕ್ಕಾಲು ಸೇರು ಬೆಲ್ಲ. ಅತ್ತೆ ಮೊದಲಿನಿಂದಲೂ ಹೀಗೇ ಮಾಡುತ್ತಾ ಬಂದವರು. ನಾನು ಆರ್ಡರ್ ಹಿಡಿಯಲು ಶುರು ಮಾಡಿದ ಮೇಲೆ ಮನೆಗೆ ಡಿಜಿಟಲ್ ತಕ್ಕಡಿ ಬಂತು.

ಒಂದು ಕುಬಸದ (ಸೀಮಂತದ) ಮನೆಗೆ 50 ಹೋಳಿಗೆ ಬೇಕಿತ್ತು. 1 ಕಿಲೋ ಶೇಂಗಾಕ್ಕೆ 750 ಗ್ರಾಂ ಬೆಲ್ಲ ತೂಗಿ ಹಾಕಿದೆ. ಹೂರಣ ಉಂಡೆಯೇ ಕಟ್ಟಲಿಲ್ಲ. ಲಟ್ಟಿಸುವಾಗ ಕಣಕ ಒಡೆದು ಪುಡಿ ಉದುರಿತು. ಸಿಹಿಯೂ ಸಪ್ಪೆ. ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ‘ಬೆಲ್ಲ ಕಡಿಮಿ ಆಗೇತಿ ಯವ್ವಾ’ ಅಂದರು. ಲೆಕ್ಕ ಸರಿಯಾಗೇ ಇದೆಯಲ್ಲ ಅಂತ ನನಗೆ ಸಿಟ್ಟು!

ತಪ್ಪು ಆಗಿದ್ದು ಸೇರಿನಲ್ಲಿ. ಹಳೆಯ ತೂಕದ ಸೇರು ಅಂದರೆ 80 ತೊಲ, ಸುಮಾರು 933 ಗ್ರಾಂ. ಕಿಲೋಗೆ ಹತ್ತಿರವೇ. ಆದರೆ ಅತ್ತೆಯ ಸೇರು ತೂಕದ್ದಲ್ಲ, ತುಂಬಿ ಅಳೆಯುವ ಹಿತ್ತಾಳೆ ಪಾತ್ರೆ. ಮರುದಿನ ಅದನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿದೆ. 1,080 ಗ್ರಾಂ ಬಂತು. ನೀರು 1 ಮಿಲಿಗೆ 1 ಗ್ರಾಂ ತೂಗುತ್ತದೆ, ಹಾಗಾಗಿ ಸೇರು 1,080 ಮಿಲಿಯದ್ದು. ಒರೆಸಿ ಶೇಂಗಾ ತುಂಬಿದರೆ ಬರೀ 670 ಗ್ರಾಂ. ಕಾಳಿನ ಸಂದಿಯಲ್ಲೆಲ್ಲ ಗಾಳಿ ಅಲ್ವಾ. ಅತ್ತೆ ಬೆಲ್ಲ ಕುಟ್ಟಿ, ಒತ್ತಿ ತುಂಬುತ್ತಾರೆ. ಅವರ ಮುಕ್ಕಾಲು ಸೇರು ಬೆಲ್ಲ 660 ಗ್ರಾಂ! ಪಾತ್ರೆಯಲ್ಲಿ ಒಂದಕ್ಕೆ ಮುಕ್ಕಾಲು, ತಕ್ಕಡಿಯಲ್ಲಿ ಹೆಚ್ಚುಕಡಿಮೆ ಸಮ ಸಮ. ನಾನು ಕಿಲೋಗೆ ಕಾಲು ಕಿಲೋದಷ್ಟು ಬೆಲ್ಲ ಕಡಿಮೆ ಹಾಕಿದ್ದೆ.

ಆಮೇಲೆ ದಿನ ಬಳಸುವ ಸ್ಟೀಲ್ ವಾಟಗಾ (ಬಟ್ಟಲು) ಹಿಡಿದು ಕೂತೆ. ಅದು 200 ಮಿಲಿಯದ್ದು. ಸಕ್ಕರೆ 168 ಗ್ರಾಂ, ಚಿರೋಟಿ ರವೆ 140, ಎಣ್ಣೆ 183. ಎಣ್ಣೆ ನೀರಿಗಿಂತ ಹಗುರ, 1 ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಅಚ್ಚಾಗಿರುತ್ತದೆ. ಇವೆಲ್ಲ ಎಷ್ಟು ಸಲ ತೂಗಿದರೂ ಅಷ್ಟಷ್ಟೇ. ಸತಾಯಿಸಿದ್ದು ಮೈದಾ. ಚಮಚದಿಂದ ಹಗುರವಾಗಿ ತುಂಬಿ, ಚಾಕುವಿನ ಬೆನ್ನಿಂದ ಸವರಿದರೆ 102. ಡಬ್ಬಿಯೊಳಗೇ ವಾಟಗಾ ಅದ್ದಿ ಒತ್ತಿ ತೆಗೆದರೆ 126. ಒಂದೇ ವಾಟಗಾ, ಒಂದೇ ಹಿಟ್ಟು! ಮೊಬೈಲಿನಲ್ಲಿ ಸಿಗುವ ಪಟ್ಟಿಗಳು ಒಂದಕ್ಕೊಂದು ಹೊಂದದಿರುವುದು ಇದಕ್ಕೇ. ಅವರ ಕಪ್ಪು ಕೆಲವು ಕಡೆ 240 ಮಿಲಿ, ಕೆಲವು ಕಡೆ 250. ಅದನ್ನು ನನ್ನ ವಾಟಗಾಕ್ಕೆ ಹಾಕಿದರೆ ಕೆಟ್ಟಿತು. ಹಿಟ್ಟಿಗೆ ನಾನೀಗ ಪಾತ್ರೆ ನಂಬುವುದೇ ಇಲ್ಲ, ತೂಕ ಮಾತ್ರ.

ಏಲಕ್ಕಿ ಪುಡಿಗೆ ಉಲ್ಟಾ. ನಮ್ಮ ತಕ್ಕಡಿ 1 ಗ್ರಾಂಗಿಂತ ಕೆಳಗೆ ತೋರಿಸುವುದಿಲ್ಲ. ಚಮಚವೇ ವಾಸಿ. ಗ್ರಾಂ ಬೇಕೇ ಬೇಕು ಅಂದರೆ 10 ಚಮಚ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುತ್ತೇನೆ.

ಇನ್ನೊಂದು. ಶೇಂಗಾ ಹುರಿದು ಸಿಪ್ಪೆ ಹಾರಿಸಿದ ಮೇಲೆ ತೂಕ ಇಳಿಯುತ್ತದೆ. ನನಗೆ 1 ಕಿಲೋ ಹಸಿ ಶೇಂಗಾಕ್ಕೆ 900 ಗ್ರಾಂ ಆಸುಪಾಸು ಉಳಿಯುತ್ತದೆ. ಹಾಗಾಗಿ ಈ ಅಳತೆಗಳನ್ನೆಲ್ಲ ಬರೆದ ಚೀಟಿಯಲ್ಲಿ ‘ಹಸಿ’ ಅಂತ ಬರೆದೇ ಇಡುತ್ತೇನೆ.

ಆ ಚೀಟಿ ಈಗ ಕಪಾಟಿನ ಬಾಗಿಲ ಒಳಗೆ ಅಂಟಿದೆ. ಅತ್ತೆಯೂ ಕನ್ನಡಕ ಹಾಕಿಕೊಂಡು ತಕ್ಕಡಿ ಮುಂದೆ ಕೂರುತ್ತಾರೆ. 660 ಕಂಡ ಮೇಲೂ ಸುಮ್ನೆ ಒಂದು ಹಿಡಿ ಬೆಲ್ಲ ಜಾಸ್ತಿ ಹಾಕುತ್ತಾರೆ. ಆ ಹಿಡಿಯನ್ನೂ ತೂಗಿದೆ. 38 ಗ್ರಾಂ. ಚೀಟಿಗೆ ಸೇರಿಸಿದ್ದೇನೆ.